‘ಲಘು’ ಲಾಠಿಪ್ರಹಾರ: ಠಾಣೆಯ ಲೆಕ್ಕ, ಪತ್ರಿಕೆಯ ಲೆಕ್ಕ, ಕೇರಿಯ ಲೆಕ್ಕ

1

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಟೀ ಅಂಗಡಿಯಿತ್ತು. ಅಲ್ಲಿಗೆ ಬರುತ್ತಿದ್ದ ಒಂದೇ ಪೇಪರನ್ನು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹತ್ತಾರು ಜನ ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದರು. ಓದಲು ಬಾರದವರಿಗೆ ಓದಿ ಹೇಳುವ ಕೆಲಸ ನನ್ನದು. ಡಿಗ್ರಿ ಓದೋ ಹುಡುಗ ಅನ್ನುವ ಕಾರಣಕ್ಕೆ ಅದು ನನ್ನ ಪಾಲಿಗೆ ಬಿದ್ದಿತ್ತು. ಸಂಬಳ ಒಂದು ಬೈಟೂ ಟೀ.

1999ರ ಬೇಸಿಗೆ. ನನ್ನ ದೊಡ್ಡಪ್ಪನ ಮಗ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅವನು ಹಿಂದಿನ ವಾರ ಕೆಲಸ ಮಾಡಿದ್ದ ಲೇಔಟಿನ ಮನೆಯೊಂದರಲ್ಲಿ ಒಡವೆ ಕಳುವಾಗಿತ್ತಂತೆ. ರಾತ್ರಿ ಹನ್ನೊಂದರ ಮೇಲೆ ಮಫ್ತಿಯಲ್ಲಿದ್ದ ಮೂವರು ಬಂದು, "ಐದು ನಿಮಿಷ, ವಿಚಾರಿಸಿ ಕಳಿಸ್ತೀವಿ" ಅಂತ ಕರೆದುಕೊಂಡು ಹೋದರು. ಮಾರನೆಯ ದಿನ ದೊಡ್ಡಮ್ಮ ಟಿಫನ್ ಡಬ್ಬಿಯಲ್ಲಿ ಮುದ್ದೆ ಸಾರು ಹಿಡಿದುಕೊಂಡು ಠಾಣೆ ಬಾಗಿಲಿಗೆ ಹೋದಳು. "ಒಂದು ತುತ್ತು ಉಣ್ಣಿಸಿ ಬತ್ತೀನಿ ಬುಡಿ ಸ್ವಾಮಿ" ಅಂದಳು. ಪಹರೆಯವನು, "ಇಲ್ಲಿ ಯಾರೂ ಇಲ್ಲ, ಹೋಗಮ್ಮ" ಅಂದ. ಒಳಗಿಂದ ತನ್ನ ಮಗನ ಕೆಮ್ಮು ಕೇಳಿತು ಅಂತ ದೊಡ್ಡಮ್ಮ ಇವತ್ತಿಗೂ ಹೇಳುತ್ತಾಳೆ. ನಾಲ್ಕನೆಯ ದಿನ ಬೆಳಗಿನ ಜಾವ ಅವನು ಮನೆಗೆ ಬಂದ. ನೆಲಕ್ಕೆ ಪಾದ ಊರಲು ಆಗುತ್ತಿರಲಿಲ್ಲ. ಕೇಸಿಲ್ಲ, ಕಾಗದವಿಲ್ಲ, ಸಹಿಯಿಲ್ಲ. ಆ ಒಡವೆ ಸಿಕ್ಕಿತೋ ಇಲ್ಲವೋ ಅದೂ ನಮಗೆ ಗೊತ್ತಾಗಲಿಲ್ಲ.

ಆ ಬೆಳಿಗ್ಗೆ ಪೇಪರಿನ ನಗರ ಪುಟದಲ್ಲಿ ಬೇರೆ ಯಾವುದೋ ಏರಿಯಾದ ‘ಕಳ್ಳರ ಬಂಧನ, ಒಡವೆ ವಶ’ ಅನ್ನುವ ಸುದ್ದಿಯಿತ್ತು. ದೊಡ್ಡಪ್ಪ ಟೀ ಅಂಗಡಿಯ ಕಲ್ಲಿನ ಮೇಲೆ ಕೂತು ಕೇಳಿದ: "ನಮ್ಮುಡುಗುಂದು ಏನಾದ್ರೂ ಹಾಕವ್ರೇನಪ್ಪ ಅದ್ರಾಗೆ?"

"ಇಲ್ಲ ದೊಡ್ಡಪ್ಪ."

"ಹಂಗಾದ್ರೆ ನಡ್ದೇ ಇಲ್ಲ ಅನ್ನು."

ನಾನು ಆಮೇಲೆ ಓದಿದ ಎಷ್ಟೋ ಪುಸ್ತಕಗಳಿಗಿಂತ ಆ ಮಾತು ನನ್ನನ್ನು ಹೆಚ್ಚು ಕಾಡಿದೆ. ಠಾಣೆಯ ಡೈರಿಯಲ್ಲಿ ಆ ಮೂರು ದಿನ ಇಲ್ಲ. ಪೇಪರಿನಲ್ಲಿ ಇಲ್ಲ. ಯಾವ ಸರ್ಕಾರಿ ಅಂಕಿಅಂಶದಲ್ಲೂ ಇಲ್ಲ. ಅವನ ಪಾದದಲ್ಲಿ ಮಾತ್ರ ಇದೆ.

2

ದಲಿತ ವಿಮರ್ಶೆಯ ವಿಶೇಷಾಂಕಕ್ಕೆ ಪೊಲೀಸರ ಬಗ್ಗೆ, ಪೇಪರಿನ ಬಗ್ಗೆ ಯಾಕೆ ಬರೆಯುತ್ತಿದ್ದೀಯ ಅಂತ ಗೆಳೆಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ದಲಿತ ವಿಮರ್ಶೆ ಅಂದರೆ ಕಥೆ ಕವಿತೆಗಳ ಗುಣದೋಷ ಎಣಿಸುವುದು ಅಂತಲೇ ನಾವೂ ಬಹಳ ಕಾಲ ತಿಳಿದಿದ್ದೆವು. ಆದರೆ ನಮ್ಮ ಕೇರಿಗಳಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವ, ಕೇಳಿಸಿಕೊಳ್ಳುವ ಪಠ್ಯ ಕಾದಂಬರಿಯಲ್ಲ, ಅಪರಾಧ ಸುದ್ದಿ. ನಮ್ಮ ಮಕ್ಕಳು ತಮ್ಮ ಬಗ್ಗೆ ಊರು ಏನಂದುಕೊಂಡಿದೆ ಅನ್ನುವುದನ್ನು ಮೊದಲು ಕಲಿಯುವುದು ಅಲ್ಲಿಂದಲೇ. ಅದನ್ನು ಓದುವ ಕ್ರಮ ಗೊತ್ತಿಲ್ಲದ ವಿಮರ್ಶೆ ಯಾರ ಉಪಯೋಗಕ್ಕೆ?

ದೇವನೂರ ಮಹಾದೇವರ ‘ಒಡಲಾಳ’ವನ್ನು ನೆನಪು ಮಾಡಿಕೊಳ್ಳಿ. ಸಾಕವ್ವನ ಹುಂಜ ಕಳೆದುಹೋಗಿದೆ. ಅದನ್ನು ಹುಡುಕಿಕೊಡಲು ಯಾರೂ ಬರುವುದಿಲ್ಲ. ಆದರೆ ಉಳ್ಳವರ ಮನೆಯ ಕಡಲೆಕಾಯಿ ಕಳುವಾದರೆ ಬೆಳಗಾಗುವಷ್ಟರಲ್ಲಿ ಪೊಲೀಸರು ಆ ಮನೆಯ ಬಾಗಿಲಿಗೆ ಬರುತ್ತಾರೆ. ಅದೇ ಘಟನೆ ಪೇಪರಿಗೆ ಬಂದಿದ್ದರೆ ಏನಾಗುತ್ತಿತ್ತು? ಎರಡು ಸಾಲು: ಕಡಲೆಕಾಯಿ ಕಳವು, ಪೊಲೀಸರ ಶೋಧ. ಹುಂಜ ಇರುತ್ತಿರಲಿಲ್ಲ, ಹಸಿವು ಇರುತ್ತಿರಲಿಲ್ಲ, ಆ ರಾತ್ರಿ ಒಲೆಯ ಸುತ್ತ ಕೂತ ಮಕ್ಕಳು ಇರುತ್ತಿರಲಿಲ್ಲ. ಸಾಹಿತ್ಯ ಮನೆಯ ಒಳಗೆ ನಿಂತು ಪೊಲೀಸರು ಬರುವುದನ್ನು ನೋಡಿತು. ಸುದ್ದಿ ಪೊಲೀಸರ ಹಿಂದೆ ನಿಂತು ಮನೆಯೊಳಕ್ಕೆ ಇಣುಕುತ್ತದೆ. ನಿಂತ ಜಾಗ ಬದಲಾದರೆ ಕಾಣುವ ಸತ್ಯವೂ ಬದಲಾಗುತ್ತದೆ. ನಾನು ಹೇಳಬೇಕಾದ್ದು ಇಷ್ಟೇ. ಮುಂದಿನದು ಅದರ ವಿವರಣೆ.

3

ಮೊದಲು ಲೆಕ್ಕ. ಪೊಲೀಸರ ದುರ್ವರ್ತನೆ ಎಷ್ಟು ಸಾಮಾನ್ಯ? "ಎಲ್ಲೋ ಒಬ್ಬಿಬ್ಬರು ಕೆಟ್ಟವರು ಇರ್ತಾರೆ, ಇಡೀ ಇಲಾಖೆ ಹಾಗಿರಲ್ಲ" ಅನ್ನುವುದು ಒಂದು ಉತ್ತರ. "ಎಲ್ಲರೂ ಹಂಗೇ" ಅನ್ನುವುದು ಇನ್ನೊಂದು. ಎರಡನ್ನೂ ಪಕ್ಕಕ್ಕಿಟ್ಟು ಕಾಗದದಲ್ಲಿ ಏನಿದೆ ನೋಡೋಣ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹುಟ್ಟಿದ್ದು 1993ರಲ್ಲಿ. ಕಸ್ಟಡಿಯಲ್ಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ತನಗೆ ತಿಳಿಸಬೇಕು ಅಂತ ಆ ವರ್ಷದ ಡಿಸೆಂಬರಿನಲ್ಲೇ ಅದು ಸೂಚಿಸಿತು. ಆಯೋಗದ ಲೆಕ್ಕವನ್ನು ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟಿದೆ. ಅದರಂತೆ ದೇಶದಲ್ಲಿ ಪೊಲೀಸ್ ಕಸ್ಟಡಿಯಲ್ಲಿ ಸತ್ತವರು 2017-18ರಲ್ಲಿ 146, 2018-19ರಲ್ಲಿ 136, 2019-20ರಲ್ಲಿ 112, 2020-21ರಲ್ಲಿ 100, 2021-22ರಲ್ಲಿ 175. ಐದು ವರ್ಷಕ್ಕೆ 669 ಜನ. ಅಂದರೆ ಮೂರು ದಿನಕ್ಕೆ ಒಬ್ಬರಂತೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ್ದು ಇನ್ನೊಂದು ಲೆಕ್ಕ. ಅದು 2020ನೇ ಇಸವಿಗೆ 76 ಸಾವು ಅನ್ನುತ್ತದೆ. ಒಂದು ಹಣಕಾಸಿನ ವರ್ಷ, ಇನ್ನೊಂದು ಕ್ಯಾಲೆಂಡರ್ ವರ್ಷ, ನಿಜ. ಆದರೂ ಎರಡು ಸರ್ಕಾರಿ ಪುಸ್ತಕಗಳು ಹೆಣಗಳ ವಿಷಯದಲ್ಲೇ ಒಂದು ಮಾತಿಗೆ ಬರುವುದಿಲ್ಲ ಅನ್ನುವುದನ್ನು ಗಮನಿಸಿ.

ಅದೇ ಬ್ಯೂರೊದ ಇಪ್ಪತ್ತು ವರ್ಷದ ಪುಟಗಳನ್ನು ಕೂಡಿಸಿದರೆ, 2001ರಿಂದ 2020ರವರೆಗೆ ಕಸ್ಟಡಿ ಸಾವು 1,888. ಪೊಲೀಸರ ಮೇಲೆ ದಾಖಲಾದ ಪ್ರಕರಣ 893. ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು 358 ಮಂದಿಯ ಮೇಲೆ. ಶಿಕ್ಷೆಯಾದ ಪೊಲೀಸರು 26. ಸತ್ತವರೆಲ್ಲ ಹೊಡೆತದಿಂದಲೇ ಸತ್ತರು ಅಂತ ನಾನು ಹೇಳುತ್ತಿಲ್ಲ. ಕಾಯಿಲೆಯೂ ಇದ್ದೀತು, ಆತ್ಮಹತ್ಯೆಯೂ ಇದ್ದೀತು. ಆದರೆ ಹಾಗೆಂದು ತೀರ್ಮಾನಿಸುವ ಮೊದಲ ಕಾಗದ ಬರೆಯುವ ಕೈ ಯಾವುದು? ಹೊಡೆದ ಕೈಯೂ ಬರೆವ ಕೈಯೂ ಒಂದೇ ಇಲಾಖೆಯದಾದಾಗ ಲೆಕ್ಕ ಹೀಗೇ ಇರುತ್ತದೆ.

ಇದು ಬರೀ ಸಾವಿನ ಲೆಕ್ಕ. ಸಾವನ್ನು ಮುಚ್ಚಿಡುವುದು ಕಷ್ಟ, ಹೆಣ ಮನೆಗೆ ಹೋಗಲೇಬೇಕು. ಸತ್ತವರ ಅಂಕಿ ಹುತ್ತದ ಬಾಯಿ ಇದ್ದಂತೆ. ಒಳಗೆ ಎಷ್ಟು ದಾರಿಗಳಿವೆ ಹೊರಗಿಂದ ಕಾಣುವುದಿಲ್ಲ. ನನ್ನ ಅಣ್ಣನಂತೆ ಮೂರು ದಿನ ಇದ್ದು ಬಂದವರ ಲೆಕ್ಕ ಯಾವ ಪುಸ್ತಕದಲ್ಲೂ ಬರುವುದಿಲ್ಲ. ದೂರು ಕೊಡಲು ಹೋದಾಗ, "ಸಾಹೇಬ್ರು ರೌಂಡ್ಸ್ ಹೋಗವ್ರೆ, ನಾಳೆ ಬಾ" ಅನಿಸಿಕೊಂಡವರದು ಬರುವುದಿಲ್ಲ. ಎಫ್‌ಐಆರ್ ಬದಲು ಹಿಂಬರಹ ಕೊಟ್ಟು ಕಳಿಸಿದ್ದು, "ರಾಜಿ ಮಾಡ್ಕೊಳ್ರಪ್ಪ, ಒಂದೇ ಊರಿನೋರು" ಅಂತ ಕೂರಿಸಿದ್ದು, ಕೊಟ್ಟ ದೂರಿಗೆ ಎದುರಾಗಿ ಮೇಲ್ಜಾತಿಯವರಿಂದ ಕೌಂಟರ್ ಕೇಸ್ ಬರೆಸಿಕೊಂಡದ್ದು, ಠಾಣೆಯ ಹೊರಗೆ ಹೆಂಗಸರನ್ನು ಸಂಜೆವರೆಗೆ ನಿಲ್ಲಿಸಿದ್ದು, ಇವು ಯಾವುವೂ ಅಂಕಿಯಾಗುವುದಿಲ್ಲ. ನಮ್ಮ ಜನಕ್ಕೆ ಪೊಲೀಸ್ ಅನುಭವ ಅಂದರೆ ಬಹುಪಾಲು ಇದೇ.

ಇದರ ಬೇರು ಒಬ್ಬ ಇನ್‌ಸ್ಪೆಕ್ಟರನ ಸ್ವಭಾವದಲ್ಲಿಲ್ಲ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಇಡೀ ಸಮುದಾಯಗಳನ್ನು ಹುಟ್ಟಾ ಕಳ್ಳರು ಅಂತ ಬರೆದಿಟ್ಟರು. 1952ರಲ್ಲಿ ಕಾಯ್ದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಕ್ಕೆ ಜನ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಕರೆಯುತ್ತಾರೆ. ಕಾಯ್ದೆ ಹೋದರೂ ಕಳುವಾದಾಗ ಮೊದಲು ಯಾವ ಓಣಿಗೆ ಜೀಪು ಹೋಗಬೇಕು ಅನ್ನುವ ನೆನಪು ಹೋಗಲಿಲ್ಲ. ಇದರ ಜೊತೆಗೆ ‘ರಿಕವರಿ’ಯ ಒತ್ತಡ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲದು. ಆದರೆ ಆ ಹೇಳಿಕೆಯಿಂದ ಮಾಲು ಸಿಕ್ಕರೆ ಆ ಭಾಗ ಸಾಕ್ಷ್ಯವಾಗುತ್ತದೆ. 1872ರ ಸಾಕ್ಷ್ಯ ಕಾಯ್ದೆಯ 27ನೇ ಕಲಮು ಹೀಗೆನ್ನುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯ್ದೆಯ 23ನೇ ಕಲಮಿನಲ್ಲೂ ಅದು ಉಳಿದಿದೆ. ಮಾಲು ಬೇಕು, ಬೇಗ ಬೇಕು, ಮೇಲಿನವರು ಕೇಳುತ್ತಿದ್ದಾರೆ. ತನಿಖೆಗೆ ಸಮಯ ಬೇಕು, ಲಾಠಿಗೆ ಬೇಡ.

2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸರನ್ನೇ ಮಾತಾಡಿಸಿದವು. ಅಪರಾಧಿಗಳ ಮೇಲೆ ಪೊಲೀಸರು ಕೈ ಮಾಡುವುದು ಸರಿ ಅಂದವರು ನಾಲ್ವರಲ್ಲಿ ಮೂವರು. ಅಪರಾಧಿ ಯಾರು ಅಂತ ತೀರ್ಮಾನಿಸಬೇಕಾದ್ದು ಕೋರ್ಟು ಅನ್ನುವುದು ಅಲ್ಲಿ ಮರೆತೇ ಹೋಗಿದೆ. ಹಾಗಿದ್ದರೆ ‘ಎಲ್ಲೋ ಒಬ್ಬಿಬ್ಬರು’ ಅನ್ನುವ ಮಾತು ನಿಲ್ಲುವುದಿಲ್ಲ. ‘ಎಲ್ಲರೂ ಹಂಗೇ’ ಅನ್ನುವುದೂ ನಿಲ್ಲುವುದಿಲ್ಲ. ಆ ನಾಲ್ಕನೆಯವನೂ ಇದ್ದಾನಲ್ಲ. ಅವನಲ್ಲಿ ಎಷ್ಟೋ ಜನ ನಮ್ಮ ಹಟ್ಟಿಗಳಿಂದಲೇ ಹೋದ ಕಾನ್‌ಸ್ಟೇಬಲ್‌ಗಳು. ಮೇಲಿನವರ ಬೈಗುಳ ತಿಂದುಕೊಂಡು ಹಗಲು ರಾತ್ರಿ ಬಂದೋಬಸ್ತಿಗೆ ನಿಲ್ಲುವವರು. ನಮ್ಮ ಜಗಳ ಖಾಕಿ ಬಟ್ಟೆಯೊಳಗಿನ ಮನುಷ್ಯನ ಜೊತೆಗಲ್ಲ, ಅವನ ಕೈಗೆ ಲಾಠಿ ಕೊಟ್ಟು ‘ಬರೆಯಬೇಡ’ ಅನ್ನುವ ಪದ್ಧತಿಯ ಜೊತೆಗೆ.

4

ಈಗ ಸುದ್ದಿ. ಅಪರಾಧ ಸುದ್ದಿಯ ಬಾವಿ ಯಾವುದು? ಠಾಣೆ. ವರದಿಗಾರನಿಗೆ ದಿನವೂ ಸುದ್ದಿ ಕೊಡುವವರು ಪೊಲೀಸರು: ಪತ್ರಿಕಾ ಪ್ರಕಟಣೆ, ಪತ್ರಿಕಾಗೋಷ್ಠಿ, ಈಗ ವಾಟ್ಸಾಪ್ ಗುಂಪು. ಅವರನ್ನು ಎದುರು ಹಾಕಿಕೊಂಡರೆ ನಾಳೆಯಿಂದ ಸುದ್ದಿ ಇಲ್ಲ. ಇದನ್ನು ಒಬ್ಬ ಪತ್ರಕರ್ತ ಗೆಳೆಯನೇ ನನಗೆ ಹೇಳಿದ್ದು: "ಠಾಣೆ ಅನ್ನೋದು ನಮ್ಗೆ ರೇಷನ್ ಅಂಗಡಿ ಇದ್ದಂಗೆ ಕಣಯ್ಯ."

ಹೀಗೆ ಬಂದ ಸುದ್ದಿಗೆ ಅದರದೇ ವ್ಯಾಕರಣವಿದೆ. ಅದನ್ನು ನಾವು ಬಿಡಿಸಿ ನೋಡಬೇಕು.

‘ಪರಿಸ್ಥಿತಿ ನಿಯಂತ್ರಿಸಲು ಪೊಲೀಸರು ಲಘು ಲಾಠಿಪ್ರಹಾರ ನಡೆಸಿದರು.’ ಈ ವಾಕ್ಯವನ್ನು ಕನ್ನಡದಲ್ಲಿ ಓದದವರಿಲ್ಲ. ‘ಲಘು’ ಅಂತ ತೂಕ ಹಾಕಿದವರು ಯಾರು? ಏಟು ತಿಂದ ತಲೆಯೋ, ಹೊಡೆದ ಕೈಯೋ? ‘ಭಾರಿ ಲಾಠಿಪ್ರಹಾರ’ ಅನ್ನುವುದನ್ನು ನೀವು ಎಷ್ಟು ಸಲ ಓದಿದ್ದೀರಿ?

ಎರಡನೆಯದು, ಅನುಮಾನದ ಹಂಚಿಕೆ. ಹಿಡಿದು ತಂದವನು ಅದೇ ಸಂಜೆ ‘ಕುಖ್ಯಾತ ಸರಗಳ್ಳ’. ಅಧಿಕಾರಿಗಳು ಕುರ್ಚಿಯಲ್ಲಿ, ಮಾಲು ಮೇಜಿನ ಮೇಲೆ, ಅವನು ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಹಿಂದೆ ನಿಂತ ಫೋಟೊ. ಅವನ ಅಪರಾಧಕ್ಕೆ ‘ಎನ್ನಲಾಗಿದೆ’ ಇಲ್ಲ. ಪೊಲೀಸರ ತಪ್ಪಿಗೆ ಬಂದಾಗ ಮಾತ್ರ ‘ಎನ್ನಲಾಗಿದೆ’, ‘ಆರೋಪ ಕೇಳಿಬಂದಿದೆ’, ‘ತಿಳಿದುಬಂದಿಲ್ಲ’ ಎಲ್ಲವೂ ಒಟ್ಟಿಗೆ ಬರುತ್ತವೆ. ಆ ಎಚ್ಚರ ತಪ್ಪಲ್ಲ, ಬೇಕಾದದ್ದೇ. ಒಬ್ಬರಿಗೆ ಮಾತ್ರ ಯಾಕೆ ಅನ್ನುವುದು ನನ್ನ ಪ್ರಶ್ನೆ.

ಮೂರನೆಯದು, ಕರ್ತೃ ಮಾಯವಾಗುವುದು. ‘ವಿಚಾರಣೆ ವೇಳೆ ಎದೆನೋವು ಕಾಣಿಸಿಕೊಂಡು ವ್ಯಕ್ತಿ ಸಾವು.’ ನೋವು ತಾನಾಗಿ ಬಂತು, ಸಾವು ತಾನಾಗಿ ಬಂತು, ಪೊಲೀಸರು ಅಲ್ಲೆಲ್ಲೋ ಇದ್ದರು. ಇದು ಕನ್ನಡದ ಕಾಯಿಲೆ ಮಾತ್ರ ಅಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಲ್ಲಿನ ಪೊಲೀಸರ ಮೊದಲ ಪ್ರಕಟಣೆ ಅದನ್ನು ವೈದ್ಯಕೀಯ ತೊಂದರೆಯಿಂದಾದ ಸಾವು ಅಂತ ಹೇಳಿತ್ತು. ಕುತ್ತಿಗೆ ಮೇಲಿನ ಮಂಡಿಯ ಸುದ್ದಿ ಅದರಲ್ಲಿರಲಿಲ್ಲ. 17 ವರ್ಷದ ಹುಡುಗಿಯೊಬ್ಬಳು ರಸ್ತೆಯಲ್ಲಿ ನಿಂತು ಫೋನಿನಲ್ಲಿ ಚಿತ್ರ ಹಿಡಿಯದೆ ಹೋಗಿದ್ದರೆ ಲೋಕಕ್ಕೆ ಉಳಿಯುತ್ತಿದ್ದದ್ದು ಆ ಪ್ರಕಟಣೆಯೇ. ಮರು ತಿಂಗಳು ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ತಂದೆ ಮಗ ಇಬ್ಬರೂ ಕಸ್ಟಡಿಯ ಹೊಡೆತಕ್ಕೆ ಸತ್ತರು. ಅವರೇ ನೆಲದ ಮೇಲೆ ಹೊರಳಾಡಿ ಗಾಯ ಮಾಡಿಕೊಂಡರು ಅಂತ ಪೊಲೀಸರ ಎಫ್‌ಐಆರ್ ಹೇಳಿತ್ತು.

ನಾಲ್ಕನೆಯದು ಟೀವಿ ಕಾಲದ್ದು. 2020ರ ಲಾಕ್‌ಡೌನಿನಲ್ಲಿ ನಮ್ಮ ಚಾನೆಲ್ಲುಗಳು ‘ಲಾಠಿ ರುಚಿ ತೋರಿಸಿದ ಪೊಲೀಸರು’ ಅಂತ ಹಾಡು ಹಾಕಿ ತೋರಿಸಿದವು. ರಸ್ತೆಯಲ್ಲಿ ಬಸ್ಕಿ, ಬೆನ್ನಿಗೆ ಏಟು, ಸ್ಟುಡಿಯೋದಲ್ಲಿ ನಗು. ಯಾವ ಕಾನೂನಿನಲ್ಲೂ ಇಲ್ಲದ ಶಿಕ್ಷೆ ಹಗಲು ಹೊತ್ತಿನಲ್ಲಿ ಕ್ಯಾಮೆರಾ ಮುಂದೆ ನಡೆಯಿತು. ಆದರೂ ಅದು ದುರ್ವರ್ತನೆಯ ಸುದ್ದಿಯಾಗಲಿಲ್ಲ, ಮನರಂಜನೆಯಾಯಿತು. ಅಂದರೆ ಕಾಣದೆ ಇದ್ದದ್ದರಿಂದ ಮಾತ್ರ ಸುದ್ದಿಯಾಗುವುದಿಲ್ಲ ಅಂತಲ್ಲ. ಕಂಡರೂ ಅದಕ್ಕೆ ಇಡುವ ಹೆಸರೇ ಬೇರೆ.

ಇದೆಲ್ಲದರ ಫಲ ಏನು? ಸಾರಕ್ಕಿಯಲ್ಲಿ ಒಂದೇ ಮುಖ್ಯರಸ್ತೆ. ಆ ಕಡೆ ಜೆ.ಪಿ. ನಗರದ ಲೇಔಟು, ಈ ಕಡೆ ಹಳೇ ಊರಿನ ಗಲ್ಲಿಗಳು. ಆ ಕಡೆಯ ಮನೆಗೆ ಪೊಲೀಸರು ಬರುವುದು ಪಾಸ್‌ಪೋರ್ಟಿನ ವಿಚಾರಣೆಗೆ, ಹಗಲು ಹೊತ್ತು, "ಸಾರ್" ಅಂತ ಬೆಲ್ ಮಾಡಿಕೊಂಡು. ಈ ಕಡೆಗೆ ರಾತ್ರಿ, ಬಾಗಿಲು ಒದ್ದು. ಆ ಕಡೆಯವರಿಗೆ ಪೊಲೀಸ್ ದೌರ್ಜನ್ಯ ಅನ್ನುವುದು ಪೇಪರಿನಲ್ಲಿ ಅಪರೂಪಕ್ಕೆ ಬರುವ ಸಿಡಿಲು. ಈ ಕಡೆಯವರಿಗೆ ಅದು ಮಳೆಗಾಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಪೇಪರಿನ ಅನುಭವ ಒಬ್ಬರದನ್ನು ಮಾತ್ರ ಹೋಲುತ್ತದೆ.

5

ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಚಿಕ್ಕಮಗಳೂರು ಜಿಲ್ಲೆಯವು.

2021ರ ಮೇ 10. ಮೂಡಿಗೆರೆ ತಾಲೂಕಿನ ಗೋಣಿಬೀಡು ಠಾಣೆಗೆ ಒಬ್ಬ ದಲಿತ ಯುವಕನನ್ನು ಎಳೆತಂದರು. ನೀರು ಕೇಳಿದಾಗ ಸಬ್ ಇನ್‌ಸ್ಪೆಕ್ಟರ್ ಇನ್ನೊಬ್ಬ ಬಂಧಿತನಿಂದ ಮೂತ್ರ ಹೊಯ್ಯಿಸಿ ನೆಕ್ಕಿಸಿದರು ಅನ್ನುವುದು ಆ ಯುವಕನ ಆರೋಪ. ಅವನು ಮೇಲಧಿಕಾರಿಗಳಿಗೆ ಪತ್ರ ಬರೆದ. ಪತ್ರ ಹೊರಗೆ ಬಂತು, ಸಂಘಟನೆಗಳು ದನಿ ಎತ್ತಿದವು, ಆಮೇಲೆ ಸುದ್ದಿಯಾಯಿತು. ಎಫ್‌ಐಆರ್ ಆದದ್ದು ಮೇ 22ಕ್ಕೆ. ಅಧಿಕಾರಿ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು, ಬಂಧನ ಆದದ್ದು ಸೆಪ್ಟೆಂಬರಿನಲ್ಲಿ.

2023ರ ನವೆಂಬರ್ 30ರ ರಾತ್ರಿ. ಚಿಕ್ಕಮಗಳೂರು ಪಟ್ಟಣದಲ್ಲಿ ಹೆಲ್ಮೆಟ್ ವಿಷಯಕ್ಕೆ ಒಬ್ಬ ಯುವ ವಕೀಲನನ್ನು ಪೊಲೀಸರು ಹೊಡೆದರು ಅನ್ನುವ ದೂರು. ರಾಜ್ಯದ ವಕೀಲರು ಬೀದಿಗಿಳಿದರು. ಒಂದೆರಡು ದಿನದೊಳಗೆ ಆರು ಮಂದಿ ಪೊಲೀಸರು ಅಮಾನತಾದರು. ಹೈಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು.

ವಕೀಲರು ಮಾಡಿದ್ದು ಸರಿ. ಆ ವೇಗ ಎಲ್ಲರಿಗೂ ಸಿಗಬೇಕು ಅನ್ನುವುದೇ ನನ್ನ ಮಾತು. ಒಬ್ಬನಿಗೆ ಸಂಘ ಇತ್ತು, ಕೋರ್ಟಿನ ಭಾಷೆ ಇತ್ತು, ಪೇಪರಿನವರ ಫೋನ್ ನಂಬರ್ ಇತ್ತು. ಇನ್ನೊಬ್ಬನ ಹತ್ತಿರ ಇದ್ದದ್ದು ಒಂದು ಕಾಗದ, ಒಂದು ಪೆನ್ನು. ಅವನು ಬರೆಯದೇ ಹೋಗಿದ್ದರೆ ನನ್ನ ದೊಡ್ಡಪ್ಪನ ಮಾತೇ ನಿಜವಾಗುತ್ತಿತ್ತು: ನಡೆದೇ ಇಲ್ಲ.

ಪೇಪರಿನ ಒಳಗೆ ಕೂತವರು ಯಾರು ಅನ್ನುವುದೂ ಇಲ್ಲಿ ಮುಖ್ಯ. 1996ರ ನವೆಂಬರಿನಲ್ಲಿ ದೆಹಲಿಯ ಹಿರಿಯ ಪತ್ರಕರ್ತ ಬಿ.ಎನ್. ಉನಿಯಾಲ್ ‘ದಿ ಪಯೊನೀರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಿದೇಶಿ ಪತ್ರಕರ್ತನೊಬ್ಬ ದಲಿತ ಪತ್ರಕರ್ತರೊಬ್ಬರನ್ನು ಭೇಟಿ ಮಾಡಿಸಿ ಅಂದಾಗ, ಇಷ್ಟು ವರ್ಷದ ವೃತ್ತಿಯಲ್ಲಿ ತನಗೆ ಒಬ್ಬರೂ ಗೊತ್ತಿಲ್ಲ ಅನ್ನುವುದು ಅವರಿಗೆ ಹೊಳೆಯಿತು. 2006ರಲ್ಲಿ ದೆಹಲಿಯ 37 ಸುದ್ದಿಸಂಸ್ಥೆಗಳ 315 ಆಯಕಟ್ಟಿನ ಹುದ್ದೆಗಳನ್ನು ಎಣಿಸಿದಾಗ ದಲಿತರೂ ಇಲ್ಲ, ಆದಿವಾಸಿಗಳೂ ಇಲ್ಲ. 2019ರಲ್ಲಿ ಆಕ್ಸ್‌ಫಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 121 ಮುಖ್ಯ ಹುದ್ದೆಗಳನ್ನು ನೋಡಿದಾಗ 106 ಮೇಲ್ಜಾತಿಯವರ ಕೈಯಲ್ಲಿದ್ದವು; ಪರಿಶಿಷ್ಟರು ಮತ್ತೆ ಒಬ್ಬರೂ ಇಲ್ಲ. ಬಾಬಾಸಾಹೇಬರು 1920ರ ಜನವರಿ 31ರಂದು ‘ಮೂಕನಾಯಕ’ ಹೊರತಂದದ್ದು ಇದೇ ಕಾರಣಕ್ಕೆ. ಆ ಪತ್ರಿಕೆಯ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಹಾಕಲಿಲ್ಲ. ನಮ್ಮಲ್ಲೇ 1973ರಲ್ಲಿ ಬಸವಲಿಂಗಪ್ಪನವರ ‘ಬೂಸಾ’ ಮಾತಿನ ಒಂದು ತುಂಡು ಹಿಡಿದು ಎಬ್ಬಿಸಿದ ಗದ್ದಲದಲ್ಲಿ ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಅಲ್ಲಿಂದ ಎದ್ದ ಸಿಟ್ಟಿನಲ್ಲೇ ದಲಿತ ಸಂಘರ್ಷ ಸಮಿತಿಯ ಬೀಜವಿತ್ತು ಅನ್ನುವುದನ್ನು ಮರೆಯಬಾರದು.

6

ಇನ್ನೊಂದು ಗ್ರಹಿಕೆಯನ್ನೂ ಸುದ್ದಿ ಕಟ್ಟಿದೆ: ‘ಅಟ್ರಾಸಿಟಿ ಕಾಯ್ದೆ ದುರ್ಬಳಕೆ’. ದೂರು ಕೊಟ್ಟ ಮೇಲೆ ಸಾಕ್ಷಿಗಳು ಹೆದರಿ ಹಿಂದೆ ಸರಿಯುತ್ತಾರೆ, ತನಿಖೆ ತೆವಳುತ್ತದೆ, ಕೊನೆಗೆ ಪೊಲೀಸರು ಬಿ ರಿಪೋರ್ಟ್ ಹಾಕುತ್ತಾರೆ. ಆ ಬಿ ರಿಪೋರ್ಟುಗಳನ್ನೇ ಎಣಿಸಿ ‘ಸುಳ್ಳು ಕೇಸು ಇಷ್ಟು’ ಅಂತ ಸುದ್ದಿಯಾಗುತ್ತದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ಸುಳ್ಳೇ? ಶಿಕ್ಷೆಯಾಗದ್ದಕ್ಕೂ ನಡೆಯದ್ದಕ್ಕೂ ವ್ಯತ್ಯಾಸವಿದೆ.

2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ದುರ್ಬಳಕೆಯ ಮಾತಾಡಿ ಈ ಕಾಯ್ದೆಯಡಿ ಬಂಧನಕ್ಕೆ ಕಡಿವಾಣ ಹಾಕಿತು. ಏಪ್ರಿಲ್ 2ರಂದು ದೇಶದ ದಲಿತರು ಬಂದ್ ಮಾಡಿದರು. ಸಂಸತ್ತು ಅದೇ ವರ್ಷ ತಿದ್ದುಪಡಿ ತಂದಿತು. 2019ರ ಅಕ್ಟೋಬರಿನಲ್ಲಿ ಕೋರ್ಟು ತನ್ನ ನಿರ್ದೇಶನಗಳನ್ನು ತಾನೇ ಹಿಂಪಡೆಯಿತು. ಇದೇ ಕಾಯ್ದೆಯ 4ನೇ ಕಲಮಿನಲ್ಲಿ, ಕರ್ತವ್ಯ ಬೇಕೆಂದೇ ಕಡೆಗಣಿಸುವ ದಲಿತೇತರ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ ಇದೆ. ‘ದುರ್ಬಳಕೆ’ಯ ಬಗ್ಗೆ ಓದಿದ ಎಷ್ಟು ಜನ ಈ ‘ಬಳಸದಿರುವಿಕೆ’ಯ ಬಗ್ಗೆ ಓದಿದ್ದಾರೆ?

ನಮ್ಮ ತಪ್ಪನ್ನೂ ಹೇಳಬೇಕು. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಆರೋಪಿಗಳಾದ ನಾಲ್ವರನ್ನು ಪೊಲೀಸರು ಗುಂಡಿಟ್ಟು ಕೊಂದಾಗ ನಮ್ಮ ಟೀವಿಗಳಿಗೆ ಹಬ್ಬ. ಅಲ್ಲಿನ ಪೊಲೀಸ್ ಕಮಿಷನರ್ ಹುಬ್ಬಳ್ಳಿ ಮೂಲದವರು ಅನ್ನುವುದೇ ಕನ್ನಡದ ಹೆಮ್ಮೆಯ ಸುದ್ದಿಯಾಯಿತು. ಅವತ್ತು ನಮ್ಮ ಗಲ್ಲಿಯಲ್ಲೂ ಸಿಹಿ ಹಂಚಿದರು. ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ನನ್ನ ಅಣ್ಣ ಮುಟ್ಟಲಿಲ್ಲ. "ಅವ್ರೇ ಮಾಡಿದ್ದು ಅಂತ ಯಾರು ಹೇಳಿದ್ದು, ಪೊಲೀಸ್ರು ತಾನೆ?" ಅಂತಷ್ಟೇ ಕೇಳಿದ. ಸುಪ್ರೀಂ ಕೋರ್ಟು ನೇಮಿಸಿದ್ದ ಸಿರ್ಪುರ್‌ಕರ್ ಆಯೋಗದ ವರದಿ 2022ರ ಮೇನಲ್ಲಿ ಹೊರಬಂತು: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು. ಅವತ್ತು ಯಾರೂ ಹಾಡು ಹಾಕಲಿಲ್ಲ. ಆ ಸಿಹಿ ನನಗೆ ಈಗಲೂ ಗಂಟಲಲ್ಲಿದೆ. ಲಾಠಿ ಬೇರೆಯವರ ಬೆನ್ನಿನ ಮೇಲಿದ್ದಾಗ ಚಪ್ಪಾಳೆ ಹೊಡೆದರೆ ಅದು ನಮ್ಮ ಬೆನ್ನಿಗೆ ಬಂದಾಗ ಕೇಳುವ ಬಾಯಿ ಉಳಿಯುವುದಿಲ್ಲ.

7

ಪೇಪರಿನಿಂದ ಏನೂ ಆಗದು ಅಂತ ಹೇಳಿ ಮುಗಿಸುವುದು ಸುಲಭ, ಆದರೆ ಅದು ಸುಳ್ಳು. 1986ರಲ್ಲಿ ಕಲ್ಕತ್ತಾದ ಪೇಪರುಗಳಲ್ಲಿ ಲಾಕಪ್ ಸಾವುಗಳ ಸುದ್ದಿ ಬಂತು. ಉಚಿತ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು ಆ ತುಣುಕುಗಳನ್ನು ಹಿಡಿದು ಆಗಸ್ಟ್ 26ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಆ ಪತ್ರವೇ ಅರ್ಜಿಯಾಯಿತು. 1996ರ ಡಿಸೆಂಬರ್ 18ರಂದು ಹನ್ನೊಂದು ಕಟ್ಟಳೆಗಳ ತೀರ್ಪಾಯಿತು. ಬಂಧಿಸುವವನ ಎದೆ ಮೇಲೆ ಹೆಸರಿರಬೇಕು. ಬಂಧನದ ಮೆಮೊ ಬರೆದು ಸಾಕ್ಷಿ ಸಹಿ ಹಾಕಿಸಬೇಕು. ಮನೆಯವರಿಗೆ ತಿಳಿಸಬೇಕು. ವೈದ್ಯರ ತಪಾಸಣೆ ಆಗಬೇಕು. ಇದಕ್ಕೆಲ್ಲ ಮೊದಲೇ ಸಂವಿಧಾನದ 22ನೇ ವಿಧಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅಂದಿತ್ತು. 1999ರಲ್ಲಿ ನನ್ನ ಅಣ್ಣನನ್ನು ಎಳೆದೊಯ್ದಾಗ ಇವೆಲ್ಲ ಜಾರಿಯಲ್ಲಿದ್ದವು. ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಆಮೇಲೆ ಬಂದವೂ ಇವೆ. ಶಿಕ್ಷಾರ್ಹ ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ 2013ರ ಲಲಿತಾ ಕುಮಾರಿ ತೀರ್ಪು ಹೇಳಿತು. ಹಾಕದಿದ್ದರೆ ಎಸ್‌ಪಿಗೆ, ನಗರದಲ್ಲಿ ಡಿಸಿಪಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಎಲ್ಲ ಠಾಣೆಗಳಲ್ಲೂ ಸಿಸಿಟೀವಿ ಇರಬೇಕು, ಚಿತ್ರಗಳನ್ನು ತಿಂಗಳುಗಟ್ಟಲೆ ಉಳಿಸಬೇಕು ಅಂತ 2020ರ ಡಿಸೆಂಬರ್ 2ರ ಆದೇಶ. ಇಂದು ‘ಇಲ್ಲಿ ಯಾರೂ ಇಲ್ಲ’ ಅಂದರೆ ದಿನಾಂಕ, ಗಂಟೆ ಹಾಕಿ ಆ ಚಿತ್ರ ಕೊಡಿ ಅಂತ ಅರ್ಜಿ ಹಾಕುವುದು ನಮ್ಮ ಕೈಲಿದೆ. ಇವು ತಾವಾಗಿ ನಡೆಯುವುದಿಲ್ಲ. ಕೇಳಿದರೆ ನಡೆಯುವ ಸಾಧ್ಯತೆಯಿದೆ, ಅಷ್ಟೆ.

ಆದ್ದರಿಂದ ಚಳವಳಿಯ ಗೆಳೆಯರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನದು ಒಂದೇ ಕೇಳಿಕೆ. ಪ್ರತಿ ಕೇರಿಯಲ್ಲೂ ಒಂದು ನೋಟ್‌ಬುಕ್ ಇಡೋಣ. ಯಾರನ್ನು, ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಕರೆದೊಯ್ದರು; ಮೆಮೊ ಕೊಟ್ಟರೋ ಇಲ್ಲವೋ; ದೂರಿಗೆ ಏನೆಂದರು; ಆಸ್ಪತ್ರೆ ಚೀಟಿ ಎಲ್ಲಿದೆ. ವಿಶೇಷಣ ಬೇಡ, ಬೈಗುಳ ಬೇಡ. ಕೇಳಿದ್ದನ್ನು ಕೇಳಿದ್ದು ಅಂತ, ಕಂಡದ್ದನ್ನು ಕಂಡದ್ದು ಅಂತ ಬರೆಯೋಣ. ಸುದ್ದಿಗೆ ನಾವು ಹಾಕುವ ಒರೆಯನ್ನೇ ನಮ್ಮ ಬರಹಕ್ಕೂ ಹಾಕಬೇಕು. ಒಂದು ಉತ್ಪ್ರೇಕ್ಷೆ ಸಿಕ್ಕರೆ ಅದನ್ನು ಹಿಡಿದು ನೂರು ನಿಜಗಳನ್ನು ತಳ್ಳಿಹಾಕುತ್ತಾರೆ. ಪ್ರೇಮಿಗಳು ಹೆಸರು ಕೆತ್ತುವಂತೆ ಕಲ್ಲಿನ ಮೇಲೇನೂ ಬರೆಯಬೇಕಿಲ್ಲ, ನೂರು ಪುಟದ ರೂಲ್ಡ್ ಪುಸ್ತಕ ಸಾಕು. ಪತ್ರಕರ್ತನಿಗೂ, ವಕೀಲನಿಗೂ, ನಾಳೆ ಕಥೆ ಬರೆಯುವವನಿಗೂ ಠಾಣೆಯಲ್ಲದ ಇನ್ನೊಂದು ಬಾವಿ ಬೇಕು.

ನನ್ನ ಅಣ್ಣ ಈಗ ಆಟೊ ಓಡಿಸುತ್ತಾನೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ಹೊಯ್ಸಳ ಗಾಡಿ ಪಕ್ಕಕ್ಕೆ ಬಂದು ನಿಂತರೆ ಇವತ್ತಿಗೂ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು ಮುಂದಕ್ಕೇ ನೋಡುತ್ತಾನೆ. ಈ ಲೇಖನ ಬರೆಯುವ ಮೊದಲು ಅವನನ್ನು ಕೇಳಿದೆ. "ಹೆಸ್ರು ಬ್ಯಾಡ, ದಿನ ಬರಿ" ಅಂದ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಮೂರು ದಿನಗಳಿವೆ. ದೊಡ್ಡಪ್ಪ ಈಗಿಲ್ಲ. ಇದ್ದಿದ್ದರೆ ಓದಿ ಹೇಳುತ್ತಿದ್ದೆ.